ಓಟಿಪಿ ಮಸ್ಕತ್ತಿನಲ್ಲಿತ್ತು

ಅಮ್ಮನಿಗೆ ಬಾಯಿಪಾಠ ಬರುವ ಫೋನ್ ನಂಬರ್ ಒಂದೇ ಒಂದು. ಅದು ಮಸ್ಕತ್ತಿನಲ್ಲಿರುವ ನನ್ನ ತಮ್ಮನದು. ನಾನು ಇರುವುದು ಹೊನ್ನಾವರದಲ್ಲಿ, ಭಟ್ಕಳದ ಹತ್ತಿರದ ಅವಳ ಮನೆಗೆ ಬಸ್ಸಿನಲ್ಲಿ ಒಂದು ತಾಸಿನ ದಾರಿ. ಜ್ವರ ಬಂದರೆ ಓಡಿ ಹೋಗುವವಳು ನಾನು, ಔಷಧ ತರುವವಳು ನಾನು. ಆದರೂ ನನ್ನ ನಂಬರಿನ ಮೊದಲ ಎರಡು ಅಂಕಿ ಕೂಡ ಅವಳಿಗೆ ಗೊತ್ತಿಲ್ಲ.

ಇದು ನಮ್ಮ ಮನೆಯೊಂದರ ಕತೆಯಲ್ಲ. ಗಲ್ಫಿಗೆ ಹೋದ ಗಂಡಸು ಊರಿನ ಸಿಮ್ಮನ್ನೂ ಅಲ್ಲಿ ಜೀವಂತ ಇಟ್ಟುಕೊಂಡಿರುತ್ತಾನೆ. ಮನೆಯ ಗ್ಯಾಸಿಗೆ, ರೇಶನ್ ಕಾರ್ಡಿಗೆ, ಬ್ಯಾಂಕಿಗೆ, ಮಕ್ಕಳ ಶಾಲೆಗೆ, ಎಲ್ಲದಕ್ಕೂ ಅವನದೇ ನಂಬರ್. ಅವನು ಮನೆಯಲ್ಲಿ ಇಲ್ಲದಿದ್ದರೂ ಯಜಮಾನ ಅವನೇ ಎಂದು ಒಪ್ಪಿಕೊಳ್ಳುವ ಮರ್ಯಾದೆ ಅದು. ಇಲ್ಲಿ ಸಿಲಿಂಡರ್ ಬುಕ್ ಆದರೆ ಅಲ್ಲಿ ಮೆಸೇಜು ಬರುತ್ತಿತ್ತು. ತಮ್ಮ ಅಲ್ಲಿಂದ ಫೋನ್ ಮಾಡಿ, "ಇವತ್ತು ಗ್ಯಾಸಿನವ ಬರ್ತಾ, ಖಾಲಿ ಸಿಲಿಂಡರ್ ಹೊರಗೆ ಇಡಿ" ಎನ್ನುತ್ತಿದ್ದ. ಅಮ್ಮ ಅದನ್ನು ಅಕ್ಕಪಕ್ಕದ ಮನೆಗೆಲ್ಲ ಹೇಳಿಕೊಂಡು ಬರುತ್ತಿದ್ದಳು. ನಾನೂ ನಗುತ್ತಿದ್ದೆ. ಕೊರೋನಾದ ಎರಡನೇ ವರ್ಷ ಆ ನಗು ನಿಂತಿತು.

ಲಸಿಕೆಯ ಮೊದಲನೇ ಡೋಸಿಗೆ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದದ್ದು ನಾನೇ. ತಮ್ಮನ ಹೆಂಡತಿಗೆ ಆಗ ಕೈಗೂಸು, ಅವಳು ಮನೆ ಬಿಡುವ ಹಾಗಿರಲಿಲ್ಲ. ಸಾಲಿನಲ್ಲಿ ಎರಡು ತಾಸು ನಿಂತು ಮೇಜಿನ ಹತ್ತಿರ ತಲುಪಿದಾಗ ಆಧಾರಿನ ಝೆರಾಕ್ಸ್ ಬೇಕು ಅಂದರು. ಈ ದೇಶದಲ್ಲಿ ಮನುಷ್ಯ ಎದುರಿಗೆ ನಿಂತರೆ ಸಾಲದು, ಅವನ ಝೆರಾಕ್ಸೂ ನಿಲ್ಲಬೇಕು. ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿ ನಾನು ಅಂಗಡಿ ಹುಡುಕಿಕೊಂಡು ಓಡಿದೆ. ವಾಪಸ್ ಬರುವಷ್ಟರಲ್ಲಿ ಹೆಸರು, ವಯಸ್ಸು, ನಂಬರ್ ಎಲ್ಲ ಬರೆಸಿ ಆಗಿತ್ತು. ಝೆರಾಕ್ಸನ್ನು ಯಾರೂ ಕೈಯಲ್ಲಿ ಹಿಡಿದು ನೋಡಲಿಲ್ಲ. ಅಮ್ಮ ತೋಳಿಗೆ ಹತ್ತಿ ಒತ್ತಿಕೊಂಡು, "ಇರುವೆ ಕಚ್ಚಿದಷ್ಟೂ ಆಗ್ಲಿಲ್ಲ" ಅಂದಳು. ಯಾವ ನಂಬರ್ ಕೊಟ್ಟೆ ಎಂದು ನಾನು ಕೇಳಲಿಲ್ಲ. ಕೇಳಬೇಕಿತ್ತು.

ಮಳೆಗಾಲದ ಹೊತ್ತಿಗೆ ಅವಳ ಬಲಗಣ್ಣು ಮಂಜಾಯಿತು. ಗೊತ್ತಾದದ್ದು ಮಲ್ಲಿಗೆಯಿಂದ. ಮನೆಯ ಹಿಂದೆ ನಾಲ್ಕು ಸಾಲು ಮಲ್ಲಿಗೆ ಬಳ್ಳಿ ಇದೆ. ಮೊಗ್ಗು ಕೊಯ್ದು ಬಾಳೆನಾರಿನಲ್ಲಿ ಕಟ್ಟುವುದು ಅವಳ ಐವತ್ತು ವರ್ಷದ ಕೆಲಸ. ಲಾಕ್‌ಡೌನ್ ಮುಗಿದು ಹೂವಿನ ಅಂಗಡಿ ತೆರೆದ ಮೇಲೆ ಅವಳು ಕಟ್ಟಿ ಕಳಿಸಿದ ಮಾಲೆ ವಾಪಸ್ ಬಂತು. ನಡುನಡುವೆ ಕಂದಿದ ಮೊಗ್ಗು, ಒಂದೆರಡು ಕಡೆ ಎಲೆ. "ಅಂಗಡಿಯವಂಗೆ ಕಣ್ಣು ಕಾಣೂದಿಲ್ಲ" ಎಂದು ಅಮ್ಮ ಅವನನ್ನೇ ಬೈದಳು. ಮರುದಿನ ಎಡಗಣ್ಣು ಮುಚ್ಚಿಸಿ ನನ್ನ ಕೈಬೆರಳು ಎಷ್ಟಿದೆ ಹೇಳು ಅಂದೆ. ಕೈ ಎಲ್ಲಿದೆ ಎಂದು ಕೇಳಿದಳು.

ಕಣ್ಣಿನ ಡಾಕ್ಟರು ಇರುವುದು ಕುಮಟೆಯಲ್ಲಿ. ಮೊದಲೆಲ್ಲ ಬೆಳಿಗ್ಗೆ ಹೋಗಿ ಪಟ್ಟಿಯಲ್ಲಿ ಹೆಸರು ಬರೆಸಿದರೆ ಮಧ್ಯಾಹ್ನದೊಳಗೆ ನೋಡುತ್ತಿದ್ದರು. ಕೊರೋನಾ ಬಂದ ಮೇಲೆ ಪಟ್ಟಿ ಹೋಗಿ ಫೋನ್ ಬಂತು. ಏಳರಿಂದ ಏಳೂವರೆಯೊಳಗೆ ಫೋನ್ ಮಾಡಬೇಕು, ಆ ಅರ್ಧ ತಾಸಿನಲ್ಲಿ ಮೂರು ತಾಲೂಕಿನ ಕಣ್ಣಿಲ್ಲದವರೆಲ್ಲ ಒಟ್ಟಿಗೇ ಫೋನ್ ಮಾಡುತ್ತಾರೆ. ನಾನು ಹತ್ತು ದಿನ ಬ್ಯುಸಿ ಎಂಬ ಸದ್ದು ಕೇಳಿದೆ. ಏಳೂವರೆ ದಾಟಿ ಒಂದು ನಿಮಿಷಕ್ಕೆ ಫೋನ್ ಹತ್ತುತ್ತಿತ್ತು. "ಟೈಮ್ ಆಯ್ತು, ನಾಳೆ ಮಾಡಿ." ನಾನು ಶಾಲೆಯಲ್ಲಿ ಪಾಠ ಮಾಡುವವಳು, ಮಕ್ಕಳಿಗೆ ಸಮಯಪಾಲನೆ ಹೇಳಿಕೊಟ್ಟವಳು. ಆ ಹತ್ತು ದಿನದಲ್ಲಿ ಆ ಪದವೇ ನನಗೆ ವಾಕರಿಕೆ ಬರಿಸಿತು.

ಹನ್ನೊಂದನೇ ದಿನ ಸಿಕ್ಕಿತು. ಡಾಕ್ಟರು ಮುಖಕ್ಕೆ ಪ್ಲಾಸ್ಟಿಕ್ ಪರದೆ ಕಟ್ಟಿಕೊಂಡು, ಆದಷ್ಟು ದೂರದಿಂದ ಬೆಳಕು ಬಿಟ್ಟು ನೋಡಿದರು.

"ಪೊರೆ ಪೂರ್ತಿ ಬಲಿತು ಉಬ್ಬಿದೆ. ಹೀಗೇ ಬಿಟ್ಟರೆ ಕಣ್ಣಿನೊಳಗೆ ಒತ್ತಡ ಏರಿ ನರ ಹೋಗುತ್ತದೆ. ನರ ಹೋದ ಮೇಲೆ ಆಪರೇಶನ್ ಮಾಡಿದರೂ ಕಾಣುವುದಿಲ್ಲ. ತಡ ಮಾಡಬೇಡಿ."

ಹಾಕಿಕೊಳ್ಳಲು ಹನಿ ಔಷಧ ಬರೆದುಕೊಟ್ಟರು. ತಾರೀಖು ಕೇಳಲು ಹೊರಗಿನ ಕಿಟಕಿಗೆ ಹೋದರೆ ಅಲ್ಲಿ ಕುಳಿತವಳು ಕತ್ತೆತ್ತದೆ ಹೇಳಿದಳು, "ಎರಡೂ ಡೋಸಿನ ಸರ್ಟಿಫಿಕೇಟ್ ತಂದ್ರೆ ಮಾತ್ರ ತಾರೀಖು. ಆಪರೇಶನ್ ಥಿಯೇಟರಿನ ರೂಲ್ಸು." ದೇವರು ವರ ಕೊಟ್ಟರೂ ಪೂಜಾರಿ ಕೊಡ. ಮಂಗಳೂರಿನ ಕಡೆ ಎರಡು ಕಡೆ ವಿಚಾರಿಸಿದೆ, ಅಲ್ಲೂ ಮೊದಲ ಪ್ರಶ್ನೆ ಸರ್ಟಿಫಿಕೇಟಿನದೇ. ಎರಡನೇ ಡೋಸಿಗೆ ಅಮ್ಮನ ದಿನ ತುಂಬಿ ಒಂದು ವಾರ ಆಗಿತ್ತು. ಅದೇನು ಮಹಾ, ನಾಳೆಯೇ ಹಾಕಿಸಿದರಾಯಿತು ಅಂದುಕೊಂಡೆ.

ಆ ಸಂಜೆ ಅಮ್ಮನ ಮನೆಯ ಜಗಲಿಯಲ್ಲಿ ಕುಳಿತು ಮೊಬೈಲಿನಲ್ಲಿ ಲಸಿಕೆಯ ಪೇಜು ತೆರೆದು ನನ್ನ ನಂಬರ್ ಹಾಕಿದೆ. ಇಂಥವರು ಯಾರೂ ಇಲ್ಲ ಎಂದಿತು. ಹೊಸದಾಗಿ ಹೆಸರು ಸೇರಿಸಲು ಹೋದೆ. ಈ ಆಧಾರ್ ಆಗಲೇ ಬೇರೆ ನಂಬರಿನಲ್ಲಿದೆ ಎಂದಿತು. ಅಲ್ಲಿಗೆ ನನಗೆ ಅರ್ಥವಾಯಿತು.

"ಅಮ್ಮ, ಆವತ್ತು ಯಾರ ನಂಬರ್ ಕೊಟ್ಟೆ?"

"ಯಾರದ್ದು ಕೊಡೂದು, ತಮ್ಮಂದು" ಎಂದು ಹತ್ತೂ ಅಂಕಿಯನ್ನು ಒಂದೇ ಉಸಿರಿಗೆ ಹೇಳಿದಳು.

"ನನ್ನದು ಕೊಡೂಕೆ ಎಂತ ಆಗಿತ್ತು ನಿಂಗೆ? ಪಕ್ಕದಲ್ಲೇ ಇದ್ನಲ್ಲ!"

"ಎಲ್ಲಿದ್ದೆ? ಝೆರಾಕ್ಸಿಗೆ ಹೋಗಿದ್ದೆ ನೀನು. ಅವ್ರು ಕೇಳ್ದ್ರು, ನಾ ಕೊಟ್ಟೆ."

ಉತ್ತರ ಇಲ್ಲದ ಕಡೆ ಸಿಟ್ಟು ಜಾಸ್ತಿ ಬರುತ್ತದೆ. ಅವಳ ಮೇಲೆ ರೇಗಾಡಿ ಚಾ ಕುಡಿಯದೆ ಎದ್ದು ಬಂದೆ.

ಸ್ಲಾಟ್ ಬುಕ್ ಮಾಡಲು ಆ ನಂಬರಿಗೆ ಓಟಿಪಿ ಹೋಗುತ್ತದೆ. ಮೂರು ನಿಮಿಷದೊಳಗೆ ಅದನ್ನು ಇಲ್ಲಿ ಒತ್ತಬೇಕು. ನಂಬರ್ ಬದಲಿಸಲು ಹೋದರೂ ಓಟಿಪಿ ಹೋಗುವುದು ಆ ನಂಬರಿಗೇ. ತಮ್ಮನ ಕೆಲಸ ಒಂದು ದೊಡ್ಡ ಶೀತಲ ಗೋದಾಮಿನಲ್ಲಿ. ಗೇಟಿನಲ್ಲಿ ಫೋನನ್ನು ಪೆಟ್ಟಿಗೆಗೆ ಹಾಕಿ ಒಳಗೆ ಹೋದರೆ ಮತ್ತೆ ಕೈಗೆ ಸಿಗುವುದು ಕೆಲಸ ಮುಗಿದ ಮೇಲೆ. ಅಷ್ಟು ಹೊತ್ತಿಗೆ ಇಲ್ಲಿ ಸ್ಲಾಟು ಮುಗಿದು, ಲಸಿಕೆ ಮುಗಿದು, ನರ್ಸುಗಳು ಮನೆ ಸೇರಿರುತ್ತಿದ್ದರು. ರೂಮಿನವರ ಕೈಲಿ ಫೋನ್ ಬಿಟ್ಟು ಹೋಗು ಅಂದರೆ ಅವರೆಲ್ಲ ಒಂದೇ ಬಸ್ಸಿನಲ್ಲಿ ಅದೇ ಕೆಲಸಕ್ಕೆ ಹೋಗುವವರು. ಊರಿಗೆ ಬರುವವರ ಕೈಲಿ ಸಿಮ್ ಕಳಿಸು ಅಂದರೆ ವಿಮಾನವೇ ಸರಿಯಾಗಿ ಇಲ್ಲ, ಬರುವವರು ಯಾರು?

ಶುಕ್ರವಾರ ಅವನಿಗೆ ರಜೆ. ಬೆಳಿಗ್ಗೆಯಿಂದ ಅವನು ಅಲ್ಲಿ ಫೋನ್ ಹಿಡಿದು ಕುಳಿತ, ನಾನು ಇಲ್ಲಿ. ಓಟಿಪಿ ಬಂತು, ಅವನು ಓದಿದ, ನಾನು ಒತ್ತಿದೆ, ಪೇಜು ತೆರೆಯಿತು. ನಂಬರ್ ಬದಲಿಸುವ ಕಡೆ ಒತ್ತಿದರೆ ಗಾಣದೆತ್ತಿನ ಹಾಗೆ ಚಕ್ರ ತಿರುಗುತ್ತಿತ್ತೇ ಹೊರತು ಮುಂದೆ ಹೋಗಲಿಲ್ಲ. ಸ್ಲಾಟಿಗೆ ಭಟ್ಕಳ ನೋಡಿದೆ, ಹೊನ್ನಾವರ ನೋಡಿದೆ, ಕುಮಟೆ ನೋಡಿದೆ. ಎಲ್ಲ ಕಡೆ ಸೊನ್ನೆ. ಲಸಿಕೆ ಬಂದ ದಿನ ಅವನಿಗೆ ರಜೆ ಇಲ್ಲ, ಅವನಿಗೆ ರಜೆ ಇದ್ದ ದಿನ ಲಸಿಕೆ ಇಲ್ಲ. ಹೀಗೆ ಮೂರು ಶುಕ್ರವಾರ ಹೋಯಿತು. ನಡುವೆ ಒಂದು ದಿನ ಅಮ್ಮ ಬಾಗಿಲ ಚೌಕಟ್ಟಿಗೆ ಹಣೆ ಬಡಿದುಕೊಂಡಳು.

ಅಮ್ಮನ ಊರಿನ ಹತ್ತಿರದ ತೆಂಗಿನಗುಂಡಿಯ ಶಾಲೆಯಲ್ಲಿ ಸ್ಲಾಟ್ ಇಲ್ಲದೆ ನೇರ ಬಂದವರಿಗೂ ಲಸಿಕೆ ಹಾಕುತ್ತಾರೆ ಎಂಬ ಸುದ್ದಿ ಬಂದಾಗ ನಾನು ರಜೆ ಹಾಕಿ ಅವಳನ್ನು ರಿಕ್ಷಾದಲ್ಲಿ ಕೂರಿಸಿಕೊಂಡು ಹೋದೆ. ಮಳೆ ಜಡಿಯುತ್ತಿತ್ತು. ಮೀನು ಹಿಡಿಯುವವರ ಮನೆಯ ಹೆಂಗಸರು, ಬುರ್ಖಾ ಹಾಕಿದವರು, ಮುದುಕರು, ಎಲ್ಲರೂ ಒಂದೇ ಜಗಲಿಯಲ್ಲಿ ಒತ್ತಿ ನಿಂತಿದ್ದರು. ಅಂತರ ಕಾಯ್ದುಕೊಳ್ಳಿ ಎಂಬ ಬೋರ್ಡಿಗೆ ಒಬ್ಬರು ಕೊಡೆ ನೇತುಹಾಕಿದ್ದರು. ಟೋಕನ್ ಸಿಕ್ಕಿತು. ಮಧ್ಯಾಹ್ನದ ಹೊತ್ತಿಗೆ ನಮ್ಮ ಸರದಿ ಬಂತು. ಕಂಪ್ಯೂಟರಿನ ಎದುರು ಕುಳಿತ ಹುಡುಗಿ ಹಿಂದೆ ನನ್ನ ಹತ್ತಿರ ಕಲಿತವಳು, ನನ್ನನ್ನು ಗುರುತು ಹಿಡಿದಳು.

"ಅಕ್ಕೋರೆ, ಎರಡನೇದು ಅಲ್ವಾ? ಫೋನಿಗೆ ಓಟಿಪಿ ಕಳ್ಸಿದೆ, ಹೇಳಿ."

"ಅದು ಮಸ್ಕತ್ತಿನಲ್ಲಿ ಅದೆ" ಅಂದೆ.

ಅವಳು ಕೀಬೋರ್ಡಿನಿಂದ ಕೈ ತೆಗೆದು ಕುರ್ಚಿಗೆ ಒರಗಿದಳು. "ಎಂತ ಮಾಡೂದು ಅಕ್ಕೋರೆ ನಾನು? ಬೆಳಿಗ್ಗಿಂದ ಇದು ಆರನೇದು. ಈ ಊರಿನ ಅರ್ಧ ಓಟಿಪಿ ವಿಮಾನ ಹತ್ತಿ ಹೋಗ್ತದೆ."

ಹಿಂದೆ ನಿಂತ ಬುರ್ಖಾದ ಹೆಂಗಸು, "ನಮ್ದು ದುಬೈಲಿ ಉಂಟು ಅಕ್ಕಾ" ಎಂದು ನಕ್ಕಳು. ನಾಲ್ಕು ಜನ ನಕ್ಕರು. ನಾನು ನಗಲಿಲ್ಲ. ಔಷಧದ ಬಾಟಲಿ ಐದು ಮಾರು ದೂರದಲ್ಲಿತ್ತು, ಸೂಜಿ ಇತ್ತು, ಚುಚ್ಚುವ ನರ್ಸ್ ಇದ್ದಳು, ರವಿಕೆಯ ತೋಳು ಮೇಲೆತ್ತಿ ಕುಳಿತ ಅಮ್ಮ ಇದ್ದಳು. ಎಲ್ಲ ಇದ್ದೂ ಆಗಲಿಲ್ಲ. ನಾನು ಶಾಲೆಯೇ ಹಾರಿಹೋಗುವ ಹಾಗೆ ಕೂಗಾಡಿದೆ. ಇವಳ ಕಣ್ಣು ಹೋದರೆ ನಿಮ್ಮ ಕಂಪ್ಯೂಟರ್ ಕೊಡುತ್ತದಾ ಎಂದೆ. ಆ ಹುಡುಗಿಯ ಕಣ್ಣಲ್ಲಿ ನೀರು ಬಂತು. ಅವಳದೇನು ತಪ್ಪು? ಇವತ್ತಿಗೂ ಬಸ್ಸಿನಲ್ಲಿ ಸಿಕ್ಕರೆ ನಾನೇ ಮುಖ ತಿರುಗಿಸುತ್ತೇನೆ.

ಅಮ್ಮ ತೋಳು ಇಳಿಸಿಕೊಂಡು ಎದ್ದಳು. "ಸಾಕು, ನಡಿ" ಅಂದಳು.

ಅದನ್ನೆಲ್ಲ ನಾನು ತಮ್ಮನಿಗೆ ಫೋನಿನಲ್ಲಿ ಹೇಳಿದೆ. ಹೇಳಿದೆ ಅಂದರೆ ಬೈದೆ. ನಿನ್ನ ದರ್ಬಾರಿನಿಂದ ಅಮ್ಮನ ಕಣ್ಣು ಹೋಗ್ತದೆ ಅಂದೆ. ಅವನು, "ಅಕ್ಕ, ಮುಂದಿನ ಸಲ ಯಾವಾಗ ಹಾಕ್ತರೆ ಕೇಳಿ ಹೇಳು. ನಾ ನೋಡ್ತೆ" ಅಂದ.

ಮುಂದಿನ ಬುಧವಾರ ಮತ್ತೆ ಹೋದೆವು. ಓಟಿಪಿ ಹೋಯಿತು. ಒಂದು ನಿಮಿಷಕ್ಕೆ ನನ್ನ ಫೋನಿಗೆ ಆರು ಅಂಕಿ ಬಂತು, ಹಿಂದೆ ಮುಂದೆ ಒಂದು ಮಾತಿಲ್ಲ. ಸೂಜಿ ಹಾಕಿದರು. ಸಂಜೆಯೊಳಗೆ ಸರ್ಟಿಫಿಕೇಟ್ ಬಂತು. ತಮ್ಮ ಬೂಟಿನೊಳಗೆ ಫೋನ್ ಇಟ್ಟುಕೊಂಡು ಗೋದಾಮಿನ ಒಳಗೆ ಹೋಗಿದ್ದನಂತೆ, ಕಪಾಟಿನ ಸಂದಿಯಲ್ಲಿ ಮೆಸೇಜು ಕಳಿಸುವಾಗ ಸಿಕ್ಕಿಬಿದ್ದನಂತೆ. ಅವನನ್ನು ಸ್ಟೋರಿನ ಮೇಜಿನಿಂದ ಎಬ್ಬಿಸಿ ಹಿಮದ ಕೋಣೆಯಲ್ಲಿ ಪೆಟ್ಟಿಗೆ ಹೊರುವ ಕೆಲಸಕ್ಕೆ ಹಾಕಿದರು. ಇದನ್ನು ಅವನ ಹೆಂಡತಿ ನನಗೆ ಗುಟ್ಟಾಗಿ ಹೇಳಿದಳು. ಅವನು ನಮಗೆ ಹೇಳಿರಲಿಲ್ಲ.

ಸರ್ಟಿಫಿಕೇಟ್ ಹಿಡಿದು ಕುಮಟೆಗೆ ಹೋದೆ. ಕಿಟಕಿಯವಳು ಅದನ್ನು ನೋಡಿ ಹದಿನೆಂಟು ದಿನದ ನಂತರದ ತಾರೀಖು ಕೊಟ್ಟಳು. ಅಷ್ಟರಲ್ಲಿ ಒಂದು ರಾತ್ರಿ ಅಮ್ಮನಿಗೆ ತಲೆ ಸಿಡಿಯುವ ನೋವು, ವಾಂತಿ. ಬೆಳಿಗ್ಗೆ ಕರೆದುಕೊಂಡು ಓಡಿದೆ. ಈ ಸಲ ಡಾಕ್ಟರು ಹತ್ತಿರ ಬಂದು ನೋಡಿದರು. ಮರುದಿನವೇ ಆಪರೇಶನ್ ಮಾಡಿದರು, ಯಾರೂ ಯಾವ ಕಾಗದವನ್ನೂ ಕೇಳಲಿಲ್ಲ. ಅದನ್ನು ಮೊದಲೇ ಮಾಡಬಹುದಿತ್ತಲ್ಲ!

ಪಟ್ಟಿ ಬಿಚ್ಚಿದ ಮೇಲೆ ಡಾಕ್ಟರು ಬೆಳಕು ಬಿಟ್ಟು, ಕಾಣುತ್ತದಾ ಅಮ್ಮ ಎಂದರು. ಅವಳು ಇಲ್ಲ ಅಂದಳು. ಡಾಕ್ಟರು ನನ್ನ ಕಡೆ ತಿರುಗಿದರು. "ನರ ಹೋಗಿದೆ. ಇನ್ನು ಬರುವುದಿಲ್ಲ. ಎಡಗಣ್ಣನ್ನಾದರೂ ಬೇಗ ಮಾಡಿಸಿಕೊಳ್ಳಿ. ಯಾಕೆ ಇಷ್ಟು ತಡ ಮಾಡಿದಿರಿ?"

ಈ ಪ್ರಶ್ನೆಗೆ ಕೊಡಲು ನನ್ನ ಬಳಿ ಎಷ್ಟು ಉತ್ತರ ಇತ್ತು! ಎರಡು ತಿಂಗಳಿಂದ ಒಂದೊಂದನ್ನೂ ಮಸೆದು ಇಟ್ಟುಕೊಂಡಿದ್ದೆ. ಆದರೆ ಅಮ್ಮ ಕುರ್ಚಿಯಿಂದ ಇಳಿಯಲು ಕಾಲಿನಿಂದ ನೆಲ ತಡಕುತ್ತಿದ್ದಳು. ಅವಳ ಕೈ ಹಿಡಿದು ಹೊರಗೆ ಕರೆದುಕೊಂಡು ಬಂದೆ.

ರಿಕ್ಷಾ ಹತ್ತುವ ಮೊದಲು ಅವಳು ನಿಂತಳು. "ತಮ್ಮಂಗೆ ಹೇಳ್ಬೇಡ" ಅಂದಳು.

"ಎಂತಕ್ಕೆ ಹೇಳ್ಬಾರ್ದು? ಗೊತ್ತಾಗ್ಲಿ ಎಲ್ಲರಿಗೂ."

"ಹೇಳ್ಬೇಡ ಅಂದೆ. ಅವ ಅಲ್ಲಿ ಒಬ್ಬನೇ ಇಪ್ಪವ. ಯಾರ ಹತ್ರ ಅಳ್ತಾ ಅವ?"

ಸಂಜೆ ಅವನ ವಿಡಿಯೊ ಕಾಲ್ ಬಂತು. ಅವನ ಮುಖ ಒಣಗಿತ್ತು, ತುಟಿ ಚಳಿಗೆ ಒಡೆದಿತ್ತು. ಅಮ್ಮ ಫೋನನ್ನು ಮುಖದ ಹತ್ತಿರ ಹಿಡಿದು ಒಳ್ಳೆಯ ಕಣ್ಣಿಗೆ ಸರಿಯಾಗುವ ಹಾಗೆ ಸ್ವಲ್ಪ ಎಡಕ್ಕೆ ಸರಿಸಿಕೊಂಡಳು.

"ಅಮ್ಮ, ಕಾಣ್ತದ ಈಗ?"

"ಕಾಣ್ತದೆ ಮಗಾ. ನೀ ಯಾಕೆ ಹೀಂಗೆ ಸೊರಗಿದ್ದೆ?"

ಅವನು ನಕ್ಕ. ಬಹಳ ದಿನದ ಮೇಲೆ ಅವನು ನಕ್ಕದ್ದು ನೋಡಿದೆ. ಅಮ್ಮ ಕಣ್ಣಿಗೆ ಹನಿ ಹಾಕಬೇಕು ಎಂಬ ನೆಪ ಹೇಳಿ ಫೋನನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದಳು.

"ಅಕ್ಕ, ನೀ ಆವತ್ತು ಬೈದದ್ದೇ ಚಲೋ ಆತು" ಅಂದ ತಮ್ಮ. "ಇಲ್ಲಿ ಸ್ವಲ್ಪ ತೊಂದ್ರೆ ಆತು, ಇರ್ಲಿ ಬಿಡು. ಅಮ್ಮನ ಕಣ್ಣು ಉಳೀತಲ್ಲ."

"ಹೌದು" ಅಂದೆ. "ಉಳೀತು."