ಹುಲಿಗೆಮ್ಮ ವಾರ ಮರೆಸಿದ ನಾಯಿ

ಜೋಗಿಮಟ್ಟಿಯ ಕಾಡು ಮುಗಿದು ಬೋಳು ಗುಡ್ಡಗಳು ಶುರುವಾಗುವ ಕಡೆ ಗಾಳಿಯಂತ್ರದ ಕಂಪನಿಯೊಂದು ಬಂದದ್ದು ಎರಡು ಸಾವಿರದ ಮೂರನೇ ಇಸವಿಯಲ್ಲಿ. ಅದರ ಕಾವಲಿಗೆ ಆರು ಜನ ಗಾರ್ಡುಗಳೂ ಒಂದು ನಾಯಿಯೂ ಇದ್ದರು. ಗಾರ್ಡುಗಳು ಯಾವಾಗ ಬರುತ್ತಾರೆ, ಯಾವಾಗ ಎಲ್ಲಿ ಮಲಗುತ್ತಾರೆ ಎಂದು ಯಾರೂ ಕೇಳುತ್ತಿರಲಿಲ್ಲ. ನಾಯಿಗೆ ಮಾತ್ರ ವೇಳಾಪಟ್ಟಿ ಇತ್ತು. ಮೂರು ಜನ ಅಧಿಕಾರಿಗಳು ಸಹಿ ಮಾಡಿದ್ದ ಅದನ್ನು ಗಾಜು ಹಾಕಿಸಿ ನಾಯಿಮನೆಯ ಗೋಡೆಗೆ ತೂಗುಹಾಕಿದ್ದರು.

ಆ ಗಾಜು ಒರೆಸುವುದು, ನಾಯಿಮನೆ ಗುಡಿಸುವುದು, ನಾಯಿಗೆ ಬೇಯಿಸಿ ಹಾಕುವುದು ಹುಲಿಗೆಮ್ಮನ ಕೆಲಸ. ಗುಡ್ಡದ ಬುಡದ ಹಟ್ಟಿಯವಳು. ಗಂಡ ಪಾಪಣ್ಣ ಕುರಿ ಮೇಯಿಸುತ್ತಿದ್ದ. ಕೆಲಸಕ್ಕೆ ಕೇಳಲು ಬಂದ ದಿನ ಮ್ಯಾನೇಜರು, "ನಾಯಿ ಸಾಕಿದ ಅನುಭವ ಇದೆಯಾ?" ಎಂದು ಕೇಳಿದ್ದರು.

"ನಮ್ಮ ಹಟ್ಟ್ಯಾಗೆ ನಾಯಿಗಳಿಗೇ ನಮ್ಮನ್ನ ಸಾಕಿದ ಅನುಭವ ಐತೆ ಸಾ," ಎಂದಿದ್ದಳು ಹುಲಿಗೆಮ್ಮ. ಮ್ಯಾನೇಜರು ಅರ್ಜಿಯಲ್ಲಿ "ಅನುಭವ ಇಲ್ಲ" ಎಂದು ಬರೆದುಕೊಂಡು ಕೆಲಸ ಕೊಟ್ಟರು.

ನಾಯಿಯ ಹೆಸರು ಕಮಾಂಡರ್. ಕೆಂಪು ಮೈ, ಕಪ್ಪು ಮೂತಿಯ ದೊಡ್ಡ ಜಾತಿಯದು. ಹುಲಿಗೆಮ್ಮನ ಬಾಯಿಗೆ ಆ ಹೆಸರು ಹತ್ತದೆ ಅವಳು ಅದನ್ನು ಕೆಂಚ ಎಂದೇ ಕರೆದಳು. ಅದಕ್ಕೆ ತರಬೇತಿ ಕೊಡುತ್ತಿದ್ದವರು ಸೈನ್ಯದಿಂದ ನಿವೃತ್ತರಾಗಿದ್ದ ಹಾಲಸ್ವಾಮಿ. ಹೊಳಲ್ಕೆರೆಯವರು. ಮೀಸೆಯಿಂದ ಬೂಟಿನವರೆಗೆ ಎಲ್ಲಕ್ಕೂ ದಿನವೂ ಪಾಲಿಶ್ ಹಾಕುವ ಮನುಷ್ಯ. ವೇಳಾಪಟ್ಟಿ ಅವರದೇ ಕೃತಿ. ಸೋಮವಾರ ಕೂರುವುದು, ಕೈ ಕೊಡುವುದು. ಮಂಗಳವಾರ ಹಲಗೆ ಹಾರುವುದು. ಬುಧವಾರ ಕಳ್ಳನನ್ನು ಹಿಡಿಯುವುದು. ಗುರುವಾರ ಹಾಲಸ್ವಾಮಿಯವರ ಹಳೆಯ ಕಾಲುಚೀಲವನ್ನು ಕಲ್ಲಿನಡಿಯಿಂದ ಹುಡುಕಿ ತರುವುದು. ಶುಕ್ರವಾರ ಮತ್ತೆ ಕೂರುವುದು. ಶನಿವಾರ ಸ್ನಾನ. ಭಾನುವಾರ ರಜೆ.

ಕಳ್ಳನ ಪಾತ್ರ ಗಾರ್ಡು ಗೊಲ್ಲಪ್ಪನದು. ಕೈಗೆ ದಪ್ಪ ಗೋಣಿಯ ತೋಳು ಕಟ್ಟಿಕೊಂಡು ಬುಧವಾರ ಹತ್ತು ಗಂಟೆಗೆ ಅವನು ನಾಲ್ಕನೇ ನಂಬರಿನ ಟ್ರಾನ್ಸ್‌ಫಾರ್ಮರ್ ಹಿಂದೆ ಅಡಗುತ್ತಿದ್ದ. ಎರಡೇ ತಿಂಗಳಲ್ಲಿ ಇದೆಲ್ಲ ನಾಯಿಗೆ ಬಾಯಿಪಾಠವಾಯಿತು. ಬುಧವಾರ ಬಂತೆಂದರೆ ಗೊಲ್ಲಪ್ಪನಿಗಿಂತ ಮುಂಚೆ ಅದೇ ಹೋಗಿ ಟ್ರಾನ್ಸ್‌ಫಾರ್ಮರ್ ಹಿಂದೆ ಕೂತಿರುತ್ತಿತ್ತು. ಗೊಲ್ಲಪ್ಪ ಬಂದಾಗ ಬಾಲ ಅಲ್ಲಾಡಿಸಿ, ಗೋಣಿಯನ್ನು ಮರ್ಯಾದೆಗೆ ಒಮ್ಮೆ ಕಚ್ಚಿ, ಬಿಸ್ಕತ್ತು ತಿಂದು ವಾಪಸಾಗುತ್ತಿತ್ತು. ಒಂದು ಬುಧವಾರ ಗೊಲ್ಲಪ್ಪ ಮಾವನ ತಿಥಿಗೆಂದು ಹಿರಿಯೂರಿಗೆ ಹೋಗಿದ್ದ. ನಾಯಿ ಸಂಜೆಯವರೆಗೂ ಅಲ್ಲೇ ಕಾದಿತ್ತು. ಹಾಲಸ್ವಾಮಿಯವರು ಆ ದಿನದ ವರದಿಯಲ್ಲಿ "ತಾಳ್ಮೆ: ಅತ್ಯುತ್ತಮ" ಎಂದು ಬರೆದರು.

ಆಮೇಲೆ ನಿಜವಾದ ಕಳ್ಳರು ಬಂದರು. ಒಂದು ಸೋಮವಾರ, ಮಟಮಟ ಮಧ್ಯಾಹ್ನ, ಗೂಡ್ಸ್ ಆಟೋದಲ್ಲಿ. ತಾಮ್ರದ ತಂತಿಯ ಸುರುಳಿಗಳನ್ನು ಹೇರಿಕೊಳ್ಳುತ್ತಿದ್ದಾಗ ನಾಯಿ ಓಡಿಬಂತು. ಹೆದರಿದ ಒಬ್ಬ ಕೈಯೆತ್ತಿ "ಸಿಟ್, ಸಿಟ್" ಎಂದ. ನಾಯಿ ಕೂತಿತು. ಕೂತ ಮೇಲೆ ಮುಂದಿನ ಪಾಠದಂತೆ ಬಲಗಾಲು ಮುಂದೆ ಚಾಚಿತು. ಕಳ್ಳ ಅದನ್ನು ಕುಲುಕಿ, ಉಳಿದ ಸುರುಳಿಗಳನ್ನೂ ಹೇರಿಕೊಂಡು ಹೋದ. ಬಾವಿಗೆ ನೀರಿಗೆಂದು ಹೋಗಿದ್ದ ಹುಲಿಗೆಮ್ಮ ದೂರದಿಂದ ಇದನ್ನು ಕಂಡು ಕೂಗುತ್ತ ಓಡಿಬರುವಷ್ಟರಲ್ಲಿ ಆಟೋದ ಧೂಳು ಮಾತ್ರ ಉಳಿದಿತ್ತು.

ನಾಯಿಮನೆಯಲ್ಲೇ ವಿಚಾರಣೆ ನಡೆಯಿತು. ಹಾಲಸ್ವಾಮಿಯವರು ಅಟೆನ್ಷನ್‌ನಲ್ಲಿ ನಿಂತು ಹೇಳಿದರು: "ನಾಯೀದು ತಪ್ಪಿಲ್ಲ ಸರ್. ಅವತ್ತು ಸೋಮವಾರ. ಸೋಮವಾರ ಕಳ್ಳನ್ನ ಹಿಡಿಯೋ ಪಾಠ ಇಲ್ಲ."

ಮ್ಯಾನೇಜರು ಗೋಡೆಯ ಪಟ್ಟಿ ನೋಡಿದರು. ಮಾತು ನಿಜವಾಗಿತ್ತು. ಬಾಗಿಲಲ್ಲಿ ನಿಂತಿದ್ದ ಹುಲಿಗೆಮ್ಮ ತಡೆಯಲಾರದೆ ಬಾಯಿಬಿಟ್ಟಳು.

"ಕುರಿ ಕಾಯೋ ನಾಯಿಗೆ ವಾರ ಅನ್ನೋದೇ ಗೊತ್ತಿಲ್ಲ ಸಾ. ಒಂದಿನ ತೋಳ ಬರ್ತೈತೆ, ಒಂದಿನ ಮರಿ ತಪ್ಪಿಸ್ಕಂತೈತೆ, ಒಂದಿನ ಏನೂ ಇಲ್ಲ. ದಿನಾ ಬ್ಯಾರೆ ಬ್ಯಾರೆ ಇದ್ರೇನೇ ಅದ್ರ ತಲೆ ಓಡೋದು. ಇದಕ್ಕೂ ಒಂಚೂರು ಬದಲಾಯಿಸಿ ಕಲಿಸ್ರಿ."

ಮ್ಯಾನೇಜರಿಗೆ ವಿಚಾರ ಹಿಡಿಸಿತು. ಮರುದಿನವೇ ಸುತ್ತೋಲೆ ಹೊರಟಿತು: ಇನ್ನು ಮುಂದೆ ಪ್ರತಿ ಗುರುವಾರ ಹತ್ತರಿಂದ ಹತ್ತೂವರೆಯವರೆಗೆ ನಾಯಿಗೆ ವೈವಿಧ್ಯ ಒದಗಿಸತಕ್ಕದ್ದು, ಯಾವ ವೈವಿಧ್ಯ ಎಂಬುದನ್ನು ಒಂದು ವಾರ ಮೊದಲು ತಿಳಿಸಿ ಒಪ್ಪಿಗೆ ಪಡೆಯತಕ್ಕದ್ದು. ಹಾಲಸ್ವಾಮಿಯವರು ಶಿಸ್ತಿನಿಂದ ಪಾಲಿಸಿದರು. ಮೊದಲ ಗುರುವಾರ ಕಾಲುಚೀಲವನ್ನು ಕಲ್ಲಿನ ಬಲಗಡೆಯ ಬದಲು ಎಡಗಡೆ ಇಟ್ಟರು. ಎರಡನೇ ಗುರುವಾರ ಮತ್ತೆ ಬಲಗಡೆ ಇಟ್ಟರು.

ಹುಲಿಗೆಮ್ಮ ಯಾರ ಒಪ್ಪಿಗೆಯನ್ನೂ ಕೇಳಲಿಲ್ಲ. ಹಾಲಸ್ವಾಮಿಯವರು ಮಧ್ಯಾಹ್ನ ಊಟ ಮಾಡಿ ಒರಗಿದ ಮೇಲೆ ಅವಳು ಕೆಂಚನನ್ನು ಕರೆದುಕೊಂಡು ಗುಡ್ಡ ಹತ್ತುತ್ತಿದ್ದಳು. ಒಂದು ದಿನ ಪಾಪಣ್ಣನ ಹಿಂಡಿನ ನಡುವೆ ಬಿಟ್ಟಳು. ಕುರಿಗಳು ಹೆದರಲಿಲ್ಲ, ನಾಯಿ ಹೆದರಿತು. ಇನ್ನೊಂದು ದಿನ ತಾನೇ ಲಂಟಾನ ಪೊದೆಯೊಳಗೆ ಕೂತು ಹುಡುಕಲು ಬಿಟ್ಟಳು. ನಡುವೆ ಮೂರು ದಿನ ಏನೂ ಕಲಿಸದೆ ಸುಮ್ಮನೆ ತಿರುಗಾಡಿಸಿದಳು. ಪಾಪಣ್ಣ "ಸಿಟ್" ಅನ್ನುವುದು, ಅದು ಕೂತರೆ ಏನೂ ಇಲ್ಲ, ಕೂರದೆ ಹುಲಿಗೆಮ್ಮನ ಕಡೆ ತಿರುಗಿ ನೋಡಿದರೆ ಒಂದು ತುಂಡು ರೊಟ್ಟಿ. ಹೀಗೊಂದು ಆಟ ಕಟ್ಟಿದಳು. ಗೊಲ್ಲಪ್ಪನೂ ಸೇರಿಕೊಂಡ. ಒಮ್ಮೆ ನೀರಿನ ಡ್ರಮ್ಮಿನಲ್ಲಿ ಅಡಗಿದ, ಒಮ್ಮೆ ಹುಲಿಗೆಮ್ಮನ ಹಳೇ ಸೀರೆ ಸುತ್ತಿಕೊಂಡು ಸೌದೆ ಹೊರೆಯ ಪಕ್ಕ ಕೂತ. ಆ ದಾರಿಯಲ್ಲಿ ಬಂದ ಮ್ಯಾನೇಜರು, "ಕಂಪನಿ ಜಾಗದಲ್ಲಿ ಸೌದೆ ಆರಿಸಬಾರದಮ್ಮ," ಎಂದು ಅವನಿಗೆ ಬುದ್ಧಿ ಹೇಳಿ ಮುಂದೆ ಹೋದರು. ಅವರ ಹಿಂದೆಯೇ ಬಂದ ಕೆಂಚ ನೇರವಾಗಿ ಹೋಗಿ ಸೆರಗು ಹಿಡಿಯಿತು.

ಮಳೆಗಾಲ ಕಳೆದ ಮೇಲೆ ಮುಖ್ಯ ಕಚೇರಿಯಿಂದ ಮೂವರು ಅಧಿಕಾರಿಗಳು ತಪಾಸಣೆಗೆ ಬಂದರು. ಬುಧವಾರವೇ ಬರುವಂತೆ ಮ್ಯಾನೇಜರು ನೋಡಿಕೊಂಡಿದ್ದರು. ಶಾಮಿಯಾನ ಹಾಕಿಸಿ, ಎಳನೀರು ತರಿಸಿದ್ದರು. ಕಳ್ಳ ನಡೆದು ಬರುವುದನ್ನು ಅಧಿಕಾರಿಗಳು ನೋಡಿದರೆ ಸ್ವಾರಸ್ಯ ಹೋಗುತ್ತದೆಂದು, ಗೊಲ್ಲಪ್ಪನಿಗೆ ಗುಡ್ಡದ ಹಿಂದಿನಿಂದ ಸುತ್ತಿ ಬರಲು ಅಪ್ಪಣೆಯಾಗಿತ್ತು.

ಹತ್ತು ಗಂಟೆಗೆ ಹಾಲಸ್ವಾಮಿಯವರು ಸೆಲ್ಯೂಟ್ ಹೊಡೆದು ನಾಯಿಯನ್ನು ಬಿಟ್ಟರು. ಅದು ಟ್ರಾನ್ಸ್‌ಫಾರ್ಮರ್ ಹಿಂದೆ ಹೋಯಿತು. ಅಲ್ಲಿ ಗೊಲ್ಲಪ್ಪ ಇರಲಿಲ್ಲ. ನಾಯಿ ಮೂಗೆತ್ತಿ ಗಾಳಿ ಹಿಡಿಯಿತು, ನೆಲ ಮೂಸಿತು, ಮತ್ತೆ ಮೂಗೆತ್ತಿತು. ಆಮೇಲೆ ಒಂದೇ ಓಟಕ್ಕೆ ದಿಬ್ಬ ಹತ್ತಿ ಕಣ್ಮರೆಯಾಯಿತು. ಹಾಲಸ್ವಾಮಿಯವರು ಸೀಟಿ ಊದಿದರು. ನಾಯಿ ಬರಲಿಲ್ಲ. ಮತ್ತೆ ಮತ್ತೆ ಊದಿ ಅವರ ಮುಖ ಕೆಂಪಾಯಿತು. ಅಧಿಕಾರಿಗಳಲ್ಲಿ ಹಿರಿಯರು ಎಳನೀರಿನ ಕೊಳವೆ ಬಾಯಿಂದ ತೆಗೆದು, "ಓಡಿಹೋಯ್ತೇನ್ರಿ?" ಎಂದರು.

ಹುಲಿಗೆಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಾಯಿಯ ಹಿಂದೆ ಓಡಿದಳು. ದಿಬ್ಬದಾಚೆ ಹಳೆಯ ಕಲ್ಲುಕ್ವಾರಿಯ ಅಂಚಿನಲ್ಲಿ ಕೆಂಚ ನಿಂತು ಬೊಗಳುತ್ತಿತ್ತು. ಹೊಂಡದ ತಳದಲ್ಲಿ ಗೊಲ್ಲಪ್ಪ ಬಿದ್ದಿದ್ದ. ಒಂದು ಕಾಲು ಮುರಿದು ಮೈಯಡಿಗೆ ಸಿಕ್ಕಿಕೊಂಡಿತ್ತು. ಕೈಯಲ್ಲಿ ಗೋಣಿಯ ತೋಳು ಹಾಗೇ ಇತ್ತು.

"ಹುಲಿಗೆವ್ವ," ಎಂದ ಅವನು ಸಣ್ಣ ದನಿಯಲ್ಲಿ. "ಇವತ್ತು ಬುಧವಾರ ಅಲ್ಲೇನು? ಇದು ಇಲ್ಲಿಗೆ ಹೆಂಗ್ ಬಂತು?"

"ಮಾತಾಡಬ್ಯಾಡ ಸುಮ್ಕಿರು. ಅದು ಬಂದೈತೆ, ನಾನೂ ಬಂದೀನಿ," ಎಂದು ಅವಳು ಹೊಂಡಕ್ಕಿಳಿದು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಬೊಗಳು ಕೇಳಿ ಬಂದ ಗಾರ್ಡುಗಳು ಅವನನ್ನು ಮೇಲೆತ್ತಿ ಅಧಿಕಾರಿಗಳ ಜೀಪಿನಲ್ಲೇ ದುರ್ಗದ ಆಸ್ಪತ್ರೆಗೆ ಸಾಗಿಸಿದರು. ಇನ್ನೊಂದೆರಡು ತಾಸು ತಡವಾಗಿದ್ದರೆ ಕಾಲು ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು.

ಹದಿನೈದು ದಿನಕ್ಕೆ ತಪಾಸಣೆಯ ವರದಿ ಬಂತು. ನಾಯಿಯು ನಿಗದಿತ ಸ್ಥಳವನ್ನು ಅನುಮತಿಯಿಲ್ಲದೆ ಬಿಟ್ಟಿದೆ, ಸೀಟಿಗೆ ಓಗೊಟ್ಟಿಲ್ಲ, ಸೇವೆಗೆ ಅನರ್ಹ. ಗೊಲ್ಲಪ್ಪನ ವಿಷಯ ವರದಿಯ ಬೇರೊಂದು ಪುಟದಲ್ಲಿತ್ತು: ಕಳ್ಳನ ಪಾತ್ರಧಾರಿ ಗೈರುಹಾಜರು.

ಅನರ್ಹ ನಾಯಿಯನ್ನು ಏನು ಮಾಡಬೇಕೆಂದು ಯಾವ ಸುತ್ತೋಲೆಯಲ್ಲೂ ಇರಲಿಲ್ಲ. ಹುಲಿಗೆಮ್ಮ ಹಗ್ಗ ಹಿಡಿದು, "ಹೋಗಾಣ ಬಾರಲೇ ಕೆಂಚ," ಎಂದಳು. ಯಾರೂ ತಡೆಯಲಿಲ್ಲ. ಅವಳೂ ಆ ಕೆಲಸಕ್ಕೆ ಮತ್ತೆ ಹೋಗಲಿಲ್ಲ.

ಕಂಪನಿಗೆ ಹೊಸ ನಾಯಿ ಬಂತು, ಅದಕ್ಕೆ ಹೊಸ ಪಟ್ಟಿಯೂ ಬಂತು. ಒಂದು ಭಾನುವಾರ ಬೆಳಿಗ್ಗೆ ಹಾಲಸ್ವಾಮಿಯವರು ಆ ನಾಯಿಯನ್ನು ಹಿಡಿದುಕೊಂಡು ಹಟ್ಟಿಗೆ ಬಂದರು. ಮೀಸೆ ತಿರುವುತ್ತ ಸುತ್ತಲೂ ನೋಡಿದರು.

"ರಜೆ ದಿನ ಐತೆ. ಯಾರಿಗೂ ಹೇಳಬೇಡಮ್ಮ," ಎಂದರು. "ಇದಕ್ಕೂ ಒಂದಿಷ್ಟು ಕಲಿಸು."

ಹುಲಿಗೆಮ್ಮ ನಗಲಿಲ್ಲ. ನಾಯಿಯ ಹಗ್ಗ ಇಸಕೊಂಡು ಗುಡ್ಡದ ಕಡೆ ಕೈ ತೋರಿಸಿದಳು. "ಅಗೋ, ಆ ಪೊದೆಯಾಗೆ ಹೋಗಿ ಕುಂತ್ಕಳ್ರಿ. ಕೆಮ್ಮಬಾರದು ನೋಡ್ರಿ."

ಹಾಲಸ್ವಾಮಿಯವರು ಒಮ್ಮೆ ತಮ್ಮ ಬೂಟುಗಳನ್ನು ನೋಡಿಕೊಂಡರು. ಆಮೇಲೆ ಮುಳ್ಳು ಸರಿಸಿ, ಮಂಡಿಯೂರಿ ಪೊದೆಯೊಳಗೆ ನುಸುಳಿದರು.