ಅದು ತಾಯಿಯಲ್ಲ, ದೋಣಿ

ಆ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಡಂ ಎಂದರೆ ಸ್ವಾಗತ ಫಲಕ ಬರೆಯುವವರು ಎಂದಷ್ಟೇ ಅರ್ಥ. ಇಪ್ಪತ್ತೆರಡು ವರ್ಷದಲ್ಲಿ ಬರೆದ ಫಲಕಗಳನ್ನು ಸಾಲಾಗಿ ನಿಲ್ಲಿಸಿದ್ದರೆ ಊರಿಗೇ ಬೇಲಿಯಾಗುತ್ತಿತ್ತು. ಪರೀಕ್ಷೆ ಹತ್ತಿರ ಬಂತೆಂದರೆ ಗಣಿತದ ಮೇಷ್ಟರು ಅವರ ಪೀರಿಯಡ್ಡನ್ನು ಪಕ್ಕದ ಮನೆಯ ಏಣಿ ಒಯ್ದ ಹಾಗೆ ಎತ್ತಿಕೊಂಡು ಹೋಗುತ್ತಿದ್ದರು.

ಮಕ್ಕಳಿಗೆ ಪೇಟೆಯ ಮ್ಯೂಸಿಯಂನಲ್ಲಿರುವ ಚಿತ್ರಕಲೆ ತೋರಿಸೋಣ ಎಂದು ಮೇಡಂ ಮೂರು ವರ್ಷ ಕೇಳಿದ್ದರು. "ಅಲ್ಲಿ ನೋಡೋಕೆ ಏನಿದೆ?" ಅಂದಿದ್ದರು ಹೆಡ್‌ಮಾಸ್ಟರು. ಈ ವರ್ಷ ಮೇಲಿನ ಕಚೇರಿಯಿಂದ ಸುತ್ತೋಲೆ ಬಂತು, ಪ್ರತಿ ಶಾಲೆಯೂ 'ಕಲಾ ಭೇಟಿ'ಯ ಫೋಟೋ ಕಳಿಸಬೇಕಂತೆ. ಅವತ್ತಿನಿಂದ ಹೆಡ್‌ಮಾಸ್ಟರು ಹುಟ್ಟು ಕಲಾರಸಿಕರಾಗಿಬಿಟ್ಟರು. ಕೋಟು ಇಸ್ತ್ರಿ ಮಾಡಿಸಿಕೊಂಡು ಬಸ್ಸಿನ ಮುಂದಿನ ಸೀಟು ಹಿಡಿದರು.

ಮ್ಯೂಸಿಯಂ ಬಾಗಿಲಲ್ಲೇ ಅಪ್ಪಣೆಯಾಯಿತು: "ಎಲ್ಲರೂ ಎರಡು ಪುಟ ವರದಿ ಬರೀಬೇಕು." ಸರಿ, ಒಂಬತ್ತನೇ ತರಗತಿಯ ನಲವತ್ತು ಮಕ್ಕಳು ಚಿತ್ರದ ಕಡೆ ಕತ್ತೆತ್ತದೆ ಪಕ್ಕದ ಚೀಟಿಗಳಲ್ಲಿದ್ದುದನ್ನು ನೋಟ್ ಬುಕ್ಕಿಗೆ ಇಳಿಸಿಕೊಳ್ಳತೊಡಗಿದರು. ಉದ್ದ ಇಷ್ಟು, ಅಗಲ ಇಷ್ಟು. ಅಳತೆ ಒಯ್ದು ಯಾರಿಗಾದರೂ ಅಂಗಿ ಹೊಲಿಸುತ್ತಾರೇನೋ ಅನ್ನಿಸಿತು ಮೇಡಂಗೆ.

ಎರಡನೇ ಕೋಣೆಯಲ್ಲಿ ದೊಡ್ಡದೊಂದು ಕಂದು ಬಣ್ಣದ ಚಿತ್ರವಿತ್ತು. ಹೆಡ್‌ಮಾಸ್ಟರು ಎಡಗಡೆಯ ಚೀಟಿ ಓದಿದರು: 'ಮಗುವನ್ನು ಮಲಗಿಸುತ್ತಿರುವ ತಾಯಿ'. ಅದು ಆಚೆಯ ಚಿತ್ರದ್ದು. ಗಂಟಲು ಸರಿಮಾಡಿಕೊಂಡು ಶುರುಮಾಡಿದರು. "ನೋಡಿ ಮಕ್ಕಳೇ, ಈ ಬಾಗಿದ ಗೆರೆ ಅವಳ ಬೆನ್ನು. ಈ ಕಪ್ಪು ಇದೆಯಲ್ಲ, ಅದು ಅವಳ ತ್ಯಾಗ." ನಲವತ್ತು ಪೆನ್ನುಗಳು 'ತ್ಯಾಗ' ಎಂದು ಬರೆಯಹೊರಟವು. ಒಂದು ಮಾತ್ರ ನಿಂತಿತು.

"ಸಾರ್, ಅದು ದೋಣಿ ಅಲ್ವಾ?" ಕೊನೇ ಬೆಂಚಿನ ಹುಡುಗಿ, ಕ್ಲಾಸಿನಲ್ಲಿ ನೀರು ಕುಡಿಯಲು ಕೇಳುವುದನ್ನು ಬಿಟ್ಟರೆ ಬಾಯಿ ತೆರೆಯದವಳು. "ಬೋರಲು ಹಾಕಿದ್ದಾರೆ. ತಳದಲ್ಲಿ ಒಂದು ಹಲಗೆ ಮಾತ್ರ ಹೊಸದು."

"ಕಲೆ ನೋಡೋಕೆ ಒಳಗಣ್ಣು ಬೇಕಮ್ಮ. ಎಲ್ಲರಿಗೂ ಇರಲ್ಲ." ಮಕ್ಕಳು ಕಿಸಕ್ಕನೆ ನಕ್ಕರು. ಹುಡುಗಿಯ ಮುಖ ಸಣ್ಣದಾಯಿತು.

ಮೇಡಂ ಎಂದಿನಂತೆ ಮಾತು ನುಂಗಿಕೊಳ್ಳುವುದರಲ್ಲಿದ್ದರು. ಆದರೆ ಕಣ್ಣು ಆ ಹಲಗೆಯ ಮೇಲೆ ಬಿತ್ತು. ಹೌದು, ಹೊಸದೇ. ತಯಾರಿಗೆಂದು ಎರಡು ಸಲ ಬಂದು ಹೋದವರು ತಾವು. ದೋಣಿ ನೋಡಿದ್ದರು, ಹಲಗೆ ನೋಡಿರಲಿಲ್ಲ. ಹೆಡ್‌ಮಾಸ್ಟರ ಮೇಲಿದ್ದ ತಾತ್ಸಾರದಲ್ಲಿ ಅರ್ಧ ತಮ್ಮ ಮೇಲೇ ತಿರುಗಿತು.

"ಅವಳು ಹೇಳಿದ್ದು ಸರಿ ಸಾರ್. ನೀವು ಓದಿದ್ದು ಆ ಕಡೆಯ ಚೀಟಿ."

"ಅದು ನಿಮ್ಮ ದೃಷ್ಟಿಕೋನ ಮೇಡಂ."

"ದೃಷ್ಟಿಕೋನ ಅಲ್ಲ ಸಾರ್, ದೋಣಿ."

ಮ್ಯೂಸಿಯಂ ಕಾವಲುಗಾರ ಗೋಡೆಗೆ ಮುಖ ತಿರುಗಿಸಿಕೊಂಡು ನಕ್ಕ.

ಫೋಟೋ ಮೇಲಿನ ಕಚೇರಿಗೆ ಹೋಯಿತು. ಮೇಡಂ ಅದರಲ್ಲಿ ಇರಲಿಲ್ಲ. ಸೋಮವಾರದ ವೇಳಾಪಟ್ಟಿಯಲ್ಲಿ ಅವರ ಎರಡೂ ಪೀರಿಯಡ್ಡು ಗಣಿತಕ್ಕೆ ಹೋಗಿದ್ದವು. ಅವರಿಗೆ ಗೇಟು ಕಾಯುವ ಕೆಲಸ.

"ತಾಯಿ ಅಂತ ಒಪ್ಪಿಕೊಂಡಿದ್ದರೆ ನಿನ್ನ ಗಂಟೇನು ಹೋಗ್ತಿತ್ತು?" ಅಂದರು ಗಂಡ.

"ಎಲ್ಲದಕ್ಕೂ ತಲೆ ಆಡಿಸಿ ಆಡಿಸಿ ಕತ್ತು ನೋಯ್ತಿದೆ ರೀ."

ಶನಿವಾರ ಶಾಲೆ ಬಿಟ್ಟ ಮೇಲೆ ಮ್ಯೂಸಿಯಂಗೆ ಹೋಗುತ್ತೇನೆ, ಬರುವವರು ಬರಬಹುದು ಎಂದು ಗೇಟಿನಲ್ಲೇ ನಿಂತು ಹೇಳಿದರು. ಐವರು ಬಂದರು. ಹುಡುಗಿಯನ್ನು ಬಿಟ್ಟರೆ ಉಳಿದ ನಾಲ್ವರು ಇನ್ನೊಂದು ಜಗಳ ನೋಡುವ ಆಸೆಗೆ ಬಂದವರು. ಮೇಡಂ ಅವರನ್ನು ಒಂದು ಖಾಲಿ ಅಂಗಳದ ಚಿತ್ರದೆದುರು ನೆಲದ ಮೇಲೆ ಕೂರಿಸಿದರು.

"ಸುಮ್ಮನೆ ನೋಡ್ತಾ ಇರೋದಾ ಮೇಡಂ?"

"ಹೂಂ. ಕಷ್ಟ ಆಗುತ್ತೆ, ಗೊತ್ತು," ಎಂದು ಅವರೂ ಪಕ್ಕದಲ್ಲಿ ಕೂತರು.