ಪೀಣ್ಯದ ಶೆಡ್ಡಿನಲ್ಲಿ ತೊಳೆದಿಟ್ಟ ಸ್ಟಿಲ್ ಲೈಫ್

ಇದು ನಡೆದದ್ದು ಎಪ್ಪತ್ತರ ದಶಕದ ಕೊನೆಯಲ್ಲಿ ಎಂದು ಹೇಳುತ್ತ ಬಂದಿದ್ದೇನೆ. ಎಂಬತ್ತರ ಆರಂಭವೂ ಇರಬಹುದು. ಯಾರು ಯಾರಿಗೆ ಏನು ಹೇಳಿದೆವು ಎಂಬುದೂ ಖಚಿತವಿಲ್ಲ. ಹೇಳಿ ಹೇಳಿ ಕಥೆ ನಯವಾಗಿದೆ, ನಯವಾದ ನೆನಪನ್ನು ನಾನು ನಂಬುವುದಿಲ್ಲ.

ಆಗ ನಾನು ಕಾಲೇಜಿನ ಭೌತಶಾಸ್ತ್ರದ ಕೆಲಸ ಬಿಟ್ಟು ಚಿತ್ರ ಬರೆಯಲು ಕೂತಿದ್ದೆ ಎಂಬುದಂತೂ ನಿಜ. ಪೀಣ್ಯದಲ್ಲಿ ಯಂತ್ರಗಳ ಬಿಡಿಭಾಗ ತಯಾರಿಸುವ ಸಣ್ಣ ಕಾರ್ಖಾನೆಯೊಂದರ ಮಾಲೀಕರು ಹೊಸ ಕ್ಯಾಂಟೀನಿನ ಗೋಡೆಗೆ ಒಂದು ಚಿತ್ರ ಬೇಕೆಂದರು. ನನಗೆ ಸಿಕ್ಕ ಮೊದಲ ಕೆಲಸ ಅದು. ದೀಪಾವಳಿಗೆ ಕ್ಯಾಂಟೀನ್ ತೆರೆಯುವುದರೊಳಗೆ ಮುಗಿಸದಿದ್ದರೆ ಹಳೆಯ ಕೆಲಸ ಕೇಳಿಕೊಂಡು ಮತ್ತೆ ಪ್ರಾಂಶುಪಾಲರ ಕೋಣೆಯ ಹೊರಗೆ ಹೋಗಿ ನಿಲ್ಲಬೇಕಿತ್ತು.

ನಾನು ಬರೆಯುತ್ತಿದ್ದದ್ದು ಸ್ಟಿಲ್ ಲೈಫ್, ಅಂದರೆ ಅಲುಗದ ವಸ್ತುಗಳನ್ನು ಎದುರಿಗಿಟ್ಟು ನೋಡಿ ಬರೆಯುವ ಚಿತ್ರ. ಹೂದಾನಿ, ಸೇಬುಹಣ್ಣು ನನಗೆ ಆಗಿಬರುತ್ತಿರಲಿಲ್ಲ. ಶೆಡ್ಡುಗಳ ಹಿಂದಿನ ಗುಜರಿ ರಾಶಿಗಳಲ್ಲಿ ವಾರಗಟ್ಟಲೆ ಅಲೆದು ಸಾಮಾನು ಕೂಡಿಸಿದೆ: ಉದ್ದ ಮೂತಿಯ ಎಣ್ಣೆ ಕ್ಯಾನು, ತಗ್ಗು ಬಿದ್ದ ಟಿಫಿನ್ ಕ್ಯಾರಿಯರ್, ಹರಿದ ಕೈಗವಸು, ಹಿಡಿ ಮುರಿದ ಸುತ್ತಿಗೆ. ಯಾವುದನ್ನೂ ತೊಳೆಯುವುದಿಲ್ಲ, ಇಟ್ಟಲ್ಲಿಂದ ಕದಲಿಸುವುದಿಲ್ಲ. ಇದು ನನ್ನ ಪದ್ಧತಿ. ಜಿಡ್ಡಿನ ಮೇಲೆ ಕೂತ ಧೂಳು ಬೆಳಕನ್ನು ಹೀರಿಕೊಂಡು ಕೊಡುವ ಬಣ್ಣ ಹೊಸ ಲೋಹದಲ್ಲಿ ಸಿಗುವುದಿಲ್ಲ. ಸ್ಟೋರ್ ರೂಮಿನ ಉತ್ತರದ ಕಿಟಕಿಯ ಕೆಳಗೆ ಎಲ್ಲವನ್ನೂ ಜೋಡಿಸಿ, ಸೀಮೆಸುಣ್ಣದಲ್ಲಿ ಗುರುತು ಹಾಕಿ, ಫೋರ್‌ಮನ್ ಮುನಿಶಾಮಪ್ಪನವರಿಗೆ ಹೇಳಿ ಬರೆಯತೊಡಗಿದೆ. ಅವರು ಪಕ್ಕದ ಹಳ್ಳಿಯವರು, ಶೆಡ್ಡಿನಲ್ಲಿ ಅವರ ಮಾತೇ ಮಾತು.

ಚಿತ್ರ ಅರ್ಧಕ್ಕೆ ಬಂದಿತ್ತು. ಆಯುಧಪೂಜೆಯ ದಿನ ಪ್ರಸಾದಕ್ಕೆ ಕರೆದರೆಂದು ಹೋದೆ. ಲೇತ್ ಯಂತ್ರಗಳಿಗೆಲ್ಲ ಚೆಂಡುಹೂವಿನ ಹಾರ, ಬಾಗಿಲಲ್ಲಿ ಒಡೆದ ಬೂದುಗುಂಬಳಕಾಯಿ. ಸ್ಟೋರ್ ರೂಮಿಗೆ ಬಂದು ನೋಡಿದರೆ ನನ್ನ ಎಣ್ಣೆ ಕ್ಯಾನು ಫಳಫಳ ಹೊಳೆಯುತ್ತಿದೆ, ಹೊಟ್ಟೆಯ ಮೇಲೆ ಕುಂಕುಮದ ಬೊಟ್ಟು. ಟಿಫಿನ್ ಕ್ಯಾರಿಯರಿಗೆ ವಿಭೂತಿ, ಸುತ್ತಿಗೆಗೂ ಕುಂಕುಮ, ಒಗೆದ ಕೈಗವಸಿನ ಮೇಲೆ ಒಂದು ಹೂವು. ನನ್ನ ಕುಂಚಗಳನ್ನೂ ಬಿಟ್ಟಿರಲಿಲ್ಲ.

"ಯಾರ್ರೀ ಮುಟ್ಟಿದ್ದು ಇದನ್ನ?"

"ನಾನೇ ಸಾರ್," ಎಂದರು ಮುನಿಶಾಮಪ್ಪ, ಮೆಚ್ಚುಗೆಗೆ ಕಾಯುವವರ ಹಾಗೆ. "ಸೀಮೆಣ್ಣೇಲಿ ಅದ್ದಿ ಉಜ್ಜುದ್ವಿ. ಪಾಪ, ನಿಮ್ಗೆ ಟೈಮ್ ಸಿಕ್ಕಿರಾಕಿಲ್ಲ ಅಂತ."

"ಆ ಗಲೀಜೇ ಬೇಕಿತ್ತು ಕಣ್ರೀ ನನಗೆ. ಅದನ್ನೇ ಬರೀತಿದ್ದೆ."

"ಗಲೀಜು ಬೇಕಿದ್ರೆ ಏಳ್ಬಾರ್ದಾ ಸಾರ್. ನಮ್ ಶೆಡ್ಡಲ್ಲಿ ಅದುಕ್ಕೇನು ಬರ?"

ಹಿಂದೆ ನಿಂತವರು ನಕ್ಕರು. ಮುಟ್ಟಬೇಡಿ ಅಂತ ಹೇಳಿರಲಿಲ್ಲವಾ ಎಂದು ಕೇಳಿದೆ.

"ನನ್ನ ಕೆಲಸದ ಸಾಮಾನು, ಉಷಾರು ಅಂದ್ರಿ. ಕೆಲಸದ ಸಾಮಾನು ಅಂದ್ಮೇಲೆ ಪೂಜೆ ಮಾಡ್ದೆ ಬಿಡಾಕಾಯ್ತದಾ? ಆಮೇಲೆ ಏನಾರ ಎಚ್ಚುಕಮ್ಮಿ ಆದ್ರೆ?"

ನಾನು ಹಾಗೆ ಹೇಳಿದ್ದೆನೋ ಇಲ್ಲವೋ ಇಂದಿಗೂ ಗೊತ್ತಿಲ್ಲ. ಸಿಟ್ಟಿನಲ್ಲಿ ಕುಂಚಕ್ಕೆ ಕೈ ಹಾಕಿದರೆ ಅವರು ಅಡ್ಡ ಬಂದರು. "ಪೂಜೆಗಿಟ್ಟಿರೋದು ಸಾರ್. ಇವತ್ತು ಮುಟ್ಟಂಗಿಲ್ಲ. ಕಡ್ಲೆಪುರಿ ತಗಳಿ."

ಕ್ಯಾಂಟೀನ್ ತೆರೆಯುವ ದಿನ ಮುಂದೂಡಿ ಎಂದು ಮಾಲೀಕರನ್ನು ಕೇಳಿದೆ. ಅವರು ಸಾಮಾನುಗಳನ್ನು ನೋಡಿ, "ಈಗಲೇ ಲಕ್ಷಣವಾಗಿದೆಯಲ್ಲ, ಹೀಗೇ ಬರೆದುಬಿಡಿ," ಎಂದರು. ರಜೆ ಮುಗಿದ ಮೇಲೆ ನಾನೇ ಗ್ರೀಸು ಬಳಿದು, ಮೇಲೆ ಧೂಳು ಉದುರಿಸಿದೆ. ಹಚ್ಚಿದ ಜಿಡ್ಡು ಹಚ್ಚಿದ ಹಾಗೇ ಕಾಣುತ್ತಿತ್ತು. "ಮೊನ್ನೆ ತಾನೇ ತೊಳ್ದಿದ್ದು," ಎಂದು ಮುನಿಶಾಮಪ್ಪ ನೊಂದುಕೊಂಡರು. ಮರುದಿನ ಯಾರೋ ಅದನ್ನೂ ಒರೆಸಿಟ್ಟಿದ್ದರು.

ಅಂತೂ ದೀಪಾವಳಿಗೆ ಮುಂಚೆ ಚಿತ್ರ ಗೋಡೆಗೇರಿತು. ಮಾಲೀಕರು ಒಪ್ಪಿದರು, ಅವರನ್ನು ನೋಡಿ ಇನ್ನಿಬ್ಬರು ಕೆಲಸ ಕೊಟ್ಟರು. ನಾನು ಕಾಲೇಜಿಗೆ ಮರಳಲಿಲ್ಲ. ಕುಂಕುಮವನ್ನೆಲ್ಲ ಬಿಟ್ಟು, ಹಳೆಯ ಜಿಡ್ಡನ್ನೇ ನೆನಪಿನಿಂದ ಬರೆದು ಮುಗಿಸಿದೆ ಎಂದು ಮುಂದೆ ಶಿಷ್ಯರಿಗೆ ಪಾಠವಾಗಿ ಹೇಳಿದೆ. ಎದುರಿಗಿದ್ದದ್ದು ಕೆಟ್ಟುಹೋದರೂ ಒಮ್ಮೆ ಸರಿಯಾಗಿ ನೋಡಿದ್ದು ಕೆಡುವುದಿಲ್ಲ, ಈ ಕೆಲಸ ನನಗೆ ಕಲಿಸಿದ್ದು ಅದೇ ಎಂದು.

ಈಚೆಗೆ ಜಾಲಹಳ್ಳಿಯ ಮದುವೆಯೊಂದರಲ್ಲಿ ಮುನಿಶಾಮಪ್ಪನವರ ಮಗಳು ಸಿಕ್ಕಿ, "ನಿಮ್ಮ ಚಿತ್ರದಲ್ಲಿರೋ ಕುಂಕುಮ ನೋಡಿ ನಮ್ಮಪ್ಪ ಎಲ್ಲರಿಗೂ ತೋರಿಸೋರು ಸಾರ್," ಎಂದರು. ಇಲ್ಲಮ್ಮ, ನಾನು ಕುಂಕುಮ ಬರೆದಿಲ್ಲ ಎಂದು ವಾದಿಸಿದೆ. ಆಕೆ ನಕ್ಕರು. ಆಕೆಯ ಆ ನಗು ಸಹಿಸಲಾಗದೆ ಮಾರನೆಯ ವಾರ ಪೀಣ್ಯಕ್ಕೆ ಹೋದೆ.

ಹೊಗೆಯಿಂದ ಕಂದಿದ ಚಿತ್ರ ಕ್ಯಾಂಟೀನಿನಲ್ಲಿ ಇನ್ನೂ ಇತ್ತು. ಎಣ್ಣೆ ಕ್ಯಾನಿನ ಹೊಟ್ಟೆಯ ಮೇಲೆ ಕೆಂಪು ಬೊಟ್ಟು. ವರ್ಷ ವರ್ಷ ಪೂಜೆಗೆ ಇದಕ್ಕೂ ಹಚ್ಚುತ್ತೇವೆ ಎಂದು ಅಡುಗೆಯವರು ಹೇಳಿದಾಗ ಸಮಾಧಾನವಾಯಿತು. ಕರವಸ್ತ್ರ ತೆಗೆದು ಒರೆಸಿದೆ. ಕುಂಕುಮ ಪುಡಿಯಾಗಿ ಬಟ್ಟೆಗೆ ಬಂತು. ಅದರ ಕೆಳಗೆ ಇನ್ನೊಂದು ಬೊಟ್ಟಿತ್ತು. ಎಷ್ಟು ತಿಕ್ಕಿದರೂ ಬರಲಿಲ್ಲ. ಅದು ಎಣ್ಣೆ ಬಣ್ಣ, ಕುಂಚದ ಗೀರು ನನ್ನದೇ.